ನೂರಾ ಮೂವತ್ತು ಅಡಿಯ ಕೆಳಗೆ

ಮುಂದಿನ ಸಾಲು ಖಾಲಿ ಬಿಟ್ಟು ಬಾಗಿಲ ಹತ್ತಿರವೇ ಕುಳಿತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರೇ,

ದೊಡ್ಡ ಗುರಿ ಇಟ್ಟುಕೊಂಡವರು ನಡುದಾರಿಯಲ್ಲಿ ಹುರುಪು ಕಳೆದುಕೊಳ್ಳದೆ ಇರುವುದು ಹೇಗೆ ಎಂಬುದರ ಬಗ್ಗೆ ಮಾತನಾಡಬೇಕೆಂದು ದತ್ತಿ ಸಮಿತಿಯವರು ಕೇಳಿದ್ದಾರೆ. ಈ ವಿಷಯಕ್ಕೆ ಈಗ ಮಾತುಗಾರರ ಕೊರತೆಯಿಲ್ಲ. ಮೊಬೈಲು ತೆರೆದರೆ ಸಾಕು, ಸೂಟು ತೊಟ್ಟವರೊಬ್ಬರು ಬೆಟ್ಟದ ತುದಿಯ ಚಿತ್ರ ಹಿಂದಿಟ್ಟುಕೊಂಡು 'ಏಳಿ, ನಿಮ್ಮೊಳಗಿನ ಸಿಂಹವನ್ನು ಎಬ್ಬಿಸಿ' ಎನ್ನುತ್ತಾರೆ. ನೋಡಿದ ಹತ್ತು ನಿಮಿಷ ಮೈ ಬೆಚ್ಚಗಾಗುತ್ತದೆ, ಹನ್ನೊಂದನೆಯ ನಿಮಿಷಕ್ಕೆ ಮುಂದಿನ ವೀಡಿಯೊ ಬಂದಿರುತ್ತದೆ. ಅವರ ಹೊಟ್ಟೆಪಾಡಿಗೆ ನಾನು ಕಲ್ಲು ಹಾಕುವುದಿಲ್ಲ. ಆದರೆ ಅವರು ಮಾರುವ ಸರಕು ಬೇರೆ, ನಾನು ಹೇಳಬೇಕೆಂದಿರುವುದು ಬೇರೆ.

ದುರ್ಗದಲ್ಲಿ ನಿಂತು ಛಲದ ಮಾತೆತ್ತಿದವರು ಓಬವ್ವನ ಹೆಸರು ತೆಗೆಯದಿದ್ದರೆ ಸಭಿಕರು ಎದ್ದು ಹೋಗುತ್ತಾರೆಂಬ ಭಯ ನನಗೂ ಇದೆ. ಆದ್ದರಿಂದ ಮೊದಲೇ ಆ ತಾಯಿಗೆ ಕೈಮುಗಿದು, ಅವಳ ಕಥೆ ನನ್ನ ಇಂದಿನ ಕೆಲಸಕ್ಕೆ ಯಾಕೆ ಒದಗುವುದಿಲ್ಲವೆಂದು ಹೇಳಿಬಿಡುತ್ತೇನೆ. ಓಬವ್ವನದು ಒಂದು ಮಧ್ಯಾಹ್ನದ ಧೈರ್ಯ. ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರಲು ಹೋದವಳ ಕಣ್ಣಿಗೆ ಕಿಂಡಿಯಲ್ಲಿ ತೂರಿ ಬರುವ ಶತ್ರು ಬಿದ್ದಿದ್ದಾನೆ, ಕೈಗೆ ಒನಕೆ ಸಿಕ್ಕಿದೆ. ಯೋಚಿಸಲು ಹೊತ್ತಿಲ್ಲದಾಗ ಮನುಷ್ಯರು ದೊಡ್ಡವರಾಗಿಬಿಡುವುದುಂಟು. ನಮ್ಮ ಪ್ರಶ್ನೆಯಾದರೋ ಹೊತ್ತು ವಿಪರೀತ ಇರುವವರದು. ಆರು ವರ್ಷ, ಹತ್ತು ವರ್ಷ, ಮೂವತ್ತು ವರ್ಷ ನಡೆಯಬೇಕಾದ ಕೆಲಸ. ಶತ್ರು ಎದುರಿಗೆ ಇಲ್ಲ. ಇವತ್ತು ಮಾಡದಿದ್ದರೆ ಯಾರೂ ಕೇಳುವುದಿಲ್ಲ, ನಾಳೆ ಮಾಡದಿದ್ದರೂ ಕೇಳುವುದಿಲ್ಲ. ಅಂಥ ಕೆಲಸವನ್ನು ಕೊನೆಮುಟ್ಟಿಸಿದವರು ಹೇಗೆ ಮುಟ್ಟಿಸಿದರು ಎಂದು ನೋಡಲು ನಾವು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಗಡಿ ದಾಟಬೇಕಾಗಿಲ್ಲ.

ನನಗೆ ತಿಳಿದ ಮಟ್ಟಿಗೆ ಅವರೆಲ್ಲ ಒಂದೇ ಉಪಾಯ ಮಾಡಿದ್ದಾರೆ. ಗುರಿಯನ್ನು ತಮ್ಮ ಮನಸ್ಸಿನ ಒಳಗೆ ಇಟ್ಟುಕೊಳ್ಳಲಿಲ್ಲ. ಅದನ್ನು ಹೊರಗೆ ತಂದು ಒಂದು ತಾರೀಖಿಗೆ, ಒಂದು ಜೋಳಿಗೆಗೆ, ತಮಗಾಗಿ ಕಾಯುವ ಯಾರಿಗೋ ಒಪ್ಪಿಸಿಬಿಟ್ಟರು. ಮನಸ್ಸು ಬೆಳಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ಅದರ ಕೈಗೆ ಇಪ್ಪತ್ತು ವರ್ಷದ ಕೆಲಸ ಕೊಡುವುದು ಅಪಾಯ.

ಮೊದಲು ಹಿರಿಯೂರಿಗೆ ಹೋಗೋಣ. ಮಾರಿಕಣಿವೆಯ ವಿಷಯ ಆ ಕಡೆಯಿಂದ ಬಂದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ತಾರೀಖುಗಳನ್ನು ಒಮ್ಮೆ ಸಾಲಾಗಿ ಕೂರಿಸಿ ನೋಡಬೇಕು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಅಣೆಕಟ್ಟೆಯ ಕೆಲಸ ಶುರುವಾದದ್ದು 1898ರಲ್ಲಿ. ಆಗ ಮಹಾರಾಜರು ಇನ್ನೂ ಹುಡುಗ. ರಾಜ್ಯದ ಹೊಣೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು, ದಿವಾನರು ಶೇಷಾದ್ರಿ ಅಯ್ಯರ್. ಅಯ್ಯರ್ 1901ರಲ್ಲಿ ತೀರಿಕೊಂಡರು. ಮರುವರ್ಷ ರಾಣಿಯವರ ರೀಜೆಂಟ್ ಆಡಳಿತವೂ ಮುಗಿಯಿತು. ಕಟ್ಟೆ ಮುಗಿದದ್ದು 1907ರಲ್ಲಿ. ಅಲ್ಲಿಂದ ಎಲ್ಲರ ಕಣ್ಣು ಕಟ್ಟೆ ತುಂಬಿತೆಂದು ಹೇಳುವ ನೂರಾ ಮೂವತ್ತು ಅಡಿಯ ಗೆರೆಯ ಮೇಲೆ. ಕಟ್ಟೆ ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ, ಅಂದರೆ ಕಟ್ಟಿದ 26 ವರ್ಷಕ್ಕೆ. ಎರಡನೆಯ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ಮೂರನೆಯದು 2025ರ ಜನವರಿಯಲ್ಲಿ.

ನಮ್ಮ ಪರೀಕ್ಷೆಯ ಕಣ್ಣಿನಿಂದ ನೋಡಿದರೆ ಈ ಜಲಾಶಯ ಫೇಲು. 30 ಟಿಎಂಸಿ ನೀರು ಹಿಡಿಯಬೇಕೆಂದು ಕಟ್ಟಿದ್ದು, ಒಂದು ಶತಮಾನಕ್ಕಿಂತ ಹೆಚ್ಚು ಕಾಲದಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ತುಂಬಿದೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ನದಿ ನಮ್ಮ ಬಯಲುಸೀಮೆಗೆ ಬರುವ ಹೊತ್ತಿಗೆ ದಾರಿಯ ಕೆರೆಕಟ್ಟೆಗಳೆಲ್ಲ ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಕಟ್ಟಿದವರು ನದಿಯನ್ನು ಸ್ವಲ್ಪ ಹೆಚ್ಚೇ ನಂಬಿದ್ದರು ಎನ್ನಬಹುದು. ಆದರೆ ಹಿರಿಯೂರಿನ ರೈತರನ್ನು ಕೇಳಿ ನೋಡಿ, ಯಾರೂ ಅದನ್ನು ಸೋತ ಕಟ್ಟೆ ಎನ್ನುವುದಿಲ್ಲ. ಅವರು ಕೇಳುವ ಪ್ರಶ್ನೆ 'ತುಂಬೈತಾ?' ಎಂದಲ್ಲ, 'ಎಷ್ಟಡಿ ಐತೆ?' ಎಂದು. ತೊಂಬತ್ತು ಅಡಿ ಇದ್ದ ವರ್ಷ ತೊಂಬತ್ತಕ್ಕೆ ತಕ್ಕ ನೀರು ನಾಲೆಗೆ ಹರಿದಿದೆ. ಎಂಬತ್ತಕ್ಕೆ ಇಳಿದ ವರ್ಷ ಅಷ್ಟಕ್ಕೆ ತಕ್ಕ ಲೆಕ್ಕಾಚಾರ ನಡೆದಿದೆ, ಜಗಳವೂ ನಡೆದಿದೆ. ಆ 89 ವರ್ಷಗಳಲ್ಲೇ ಅಚ್ಚುಕಟ್ಟಿನ ತೆಂಗು ಬೆಳೆದಿದೆ, ಕಬ್ಬು ನುರಿದಿದೆ, ಹಿರಿಯೂರು ಚಿತ್ರದುರ್ಗಗಳಿಗೆ ಕುಡಿಯುವ ನೀರು ಬಂದಿದೆ. ನಾವಿಲ್ಲಿ ಕುಳಿತು ಕುಡಿಯುತ್ತಿರುವ ನೀರಿನಲ್ಲೂ ಆ ಅರೆತುಂಬಿದ ವರ್ಷಗಳ ಪಾಲಿದೆ.

ಕೋಡಿ ಬಿದ್ದ ದಿನದ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ನನ್ನ ಮಾತು ಇಷ್ಟೇ: ಫೋಟೋ ಇಲ್ಲದ ವರ್ಷಗಳಲ್ಲಿ ನಾಲೆ ಬಿಡಿಸಿದವರು, ಗೇಟು ತಿರುಗಿಸಿದವರು, ಅಡಿ ಅಳೆದು ಪುಸ್ತಕದಲ್ಲಿ ಬರೆದವರು ಇದ್ದರು. ಗುರಿ ಮುಟ್ಟದ ದಿನವೂ ಏನಾದರೂ ಕೊಡುವಂತೆ ಗುರಿಯನ್ನು ಕಟ್ಟಿಕೊಂಡಿದ್ದರೆ ಉತ್ಸಾಹದ ಸಮಸ್ಯೆ ಅರ್ಧ ಕಳೆದಂತೆ. ತುಂಬಿದರೆ ಮಾತ್ರ ನೀರು ಬಿಡುತ್ತೇನೆ ಎಂದು ಮಾರಿಕಣಿವೆ ಹಠ ಹಿಡಿದಿದ್ದರೆ ಹಿರಿಯೂರು ಇಷ್ಟರಲ್ಲಿ ಗುಳೆ ಹೋಗಿರುತ್ತಿತ್ತು.

ಇನ್ನೆರಡು ಸಂಗತಿ ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ. 2022ರಲ್ಲಿ ಕಟ್ಟೆ ತುಂಬಿದ್ದು ಮಳೆಯೊಂದರಿಂದಲೇ ಅಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು 2019ರಿಂದ ಅಜ್ಜಂಪುರದ ಕಡೆಯಿಂದ ಇಲ್ಲಿಗೆ ಹರಿಯತೊಡಗಿತ್ತು. ಅದಕ್ಕಾಗಿ ಈ ಜಿಲ್ಲೆಯ ರೈತರು ವರ್ಷಗಟ್ಟಲೆ ಧರಣಿ ಕೂತಿದ್ದರು, ಪಾದಯಾತ್ರೆ ಮಾಡಿದ್ದರು. ತನ್ನ ನದಿಯಲ್ಲಿ ನೀರು ಸಾಲದಿದ್ದಾಗ ಪಕ್ಕದ ನದಿಯಿಂದ ತರಿಸಿಕೊಂಡದ್ದಕ್ಕೆ ಯಾರೂ ನಾಚಿಕೊಳ್ಳಲಿಲ್ಲ. ನಮ್ಮ ಹುಡುಗರು ಮಾತ್ರ ಗೊತ್ತಿಲ್ಲದ್ದನ್ನು ಪಕ್ಕದವರ ಹತ್ತಿರ ಕೇಳುವುದಕ್ಕೆ ನಾಚುತ್ತಾರೆ. ಎರಡನೆಯದು, ಕಟ್ಟೆ ಪೂರ್ತಿ ತುಂಬಿದಾಗ ಹಿನ್ನೀರಿನ ಅಂಚಿನಲ್ಲಿರುವ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ತೋಟ, ರಸ್ತೆಗಳಿಗೆ ನೀರು ನುಗ್ಗಿತು. ಹಿರಿಯೂರಿನ ಹಬ್ಬ ಹೊಸದುರ್ಗದ ಅಂಚಿಗೆ ತಾಪತ್ರಯವಾಯಿತು. ಮನೆಯಲ್ಲಿ ಒಬ್ಬರು ದೊಡ್ಡ ಗುರಿ ಹಿಡಿದು ಕೂತರೆ ಹಿನ್ನೀರು ಯಾರ ಅಡುಗೆಮನೆಗೆ ನುಗ್ಗುತ್ತದೆ ಎಂದು ಕೇಳಿಕೊಳ್ಳಬೇಕು. ಮಗ ಐದನೆಯ ಸಲ ಪರೀಕ್ಷೆಗೆ ಓದುತ್ತಿರುವಾಗ ಅಕ್ಕನ ಮದುವೆ ನಿಂತಿರುತ್ತದೆ, ಅಪ್ಪ ಶೇಂಗಾ ಮಾರಿದ ದುಡ್ಡು ಬೆಂಗಳೂರಿನ ವಿಜಯನಗರದ ಪಿ.ಜಿ. ಬಾಡಿಗೆಗೆ ಹೋಗಿರುತ್ತದೆ. ಇದನ್ನು ಸೂಟು ತೊಟ್ಟವರು ಹೇಳುವುದಿಲ್ಲ.

ಅಡಿ ಅಳೆದು ಬರೆಯುವ ಮಾತು ಬಂತಲ್ಲ, ಅದಕ್ಕೆ ವಿದೇಶದ ಒಂದು ಸಾಕ್ಷಿ ಇದೆ. ಹಾರ್ವರ್ಡ್‌ನ ತೆರೇಸಾ ಅಮಾಬಿಲೆ ಎಂಬ ವಿದ್ವಾಂಸೆ ತಮ್ಮ ತಂಡದೊಂದಿಗೆ ಏಳು ಕಂಪನಿಗಳ 238 ಉದ್ಯೋಗಿಗಳಿಂದ ದಿನದಿನದ ದಿನಚರಿ ಬರೆಸಿದರು. ಸುಮಾರು 12,000 ನಮೂದುಗಳನ್ನು ಓದಿ ನೋಡಿದಾಗ ಅವರಿಗೆ ಕಂಡದ್ದು, ಜನರಿಗೆ ಕೆಲಸದಲ್ಲಿ ಹುರುಪು ತರುವ ಸಂಗತಿಗಳಲ್ಲಿ ಮೊದಲನೆಯದು ಹೊಗಳಿಕೆಯಲ್ಲ, ಬಹುಮಾನವಲ್ಲ. ತಾವು ಗೌರವಿಸುವ ಕೆಲಸ ಇವತ್ತು ಸ್ವಲ್ಪ ಮುಂದೆ ಸರಿಯಿತು ಎಂಬ ಅರಿವು. ಆ ಸ್ವಲ್ಪ ಎಷ್ಟು ಸಣ್ಣದಾದರೂ ಸರಿ. ಆದರೆ ಸಣ್ಣದು ಕಣ್ಣಿಗೆ ಬೀಳಬೇಕಾದರೆ ಬರೆದಿಡಬೇಕು. ಬರೆಯದಿದ್ದರೆ ಮೂರು ತಿಂಗಳ ಓದು 'ಏನೂ ಮಾಡಿಲ್ಲ' ಎಂಬ ಒಂದೇ ವಾಕ್ಯವಾಗಿ ಉಳಿಯುತ್ತದೆ.

ನಮ್ಮ ಊರಿನ ಒಬ್ಬ ವಕೀಲರು ದಿನಚರಿ ಬರೆಯುತ್ತಿದ್ದರು. ಎಸ್. ನಿಜಲಿಂಗಪ್ಪನವರು. 1969ರ ಕಾಂಗ್ರೆಸ್ ಒಡಕಿನ ಬಗ್ಗೆ ಬರೆಯುವ ಇತಿಹಾಸಕಾರರು ಇಂದಿಗೂ ಆ ದಿನಚರಿಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ಅವರು 1902ರಲ್ಲಿ ಹುಟ್ಟಿದ ಹಲುವಾಗಲು ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕೋರ್ಟಿಗೆ ಹೋಗುತ್ತಿದ್ದ ಚಿತ್ರದುರ್ಗ ಮೈಸೂರು ಸಂಸ್ಥಾನದ್ದು. ಹುಟ್ಟಿದ ಊರಿಗೂ ದುಡಿಯುವ ಊರಿಗೂ ನಡುವೆ ಗಡಿ ಇದ್ದ ಮನುಷ್ಯನಿಗೆ ಕರ್ನಾಟಕ ಏಕೀಕರಣ ಭಾಷಣದ ವಿಷಯವಾಗಿ ಉಳಿಯುವುದು ಸಾಧ್ಯವಿರಲಿಲ್ಲ. 1924ರ ಬೆಳಗಾವಿ ಅಧಿವೇಶನದ ಕಾಲಕ್ಕೆ ಬಲ ಪಡೆದ ಆ ಮಾತು ನಿಜವಾದದ್ದು 1956ರ ನವೆಂಬರ್ 1ಕ್ಕೆ. ನಡುವೆ ಮೂವತ್ತೆರಡು ವರ್ಷ. ಹಳೆಯ ಮೈಸೂರಿನ ನಾಯಕರಲ್ಲೇ ಅನೇಕರಿಗೆ ಬೇಡವಾಗಿದ್ದ ಗುರಿಯದು. ಆ ಮೂವತ್ತೆರಡು ವರ್ಷದಲ್ಲಿ ಎಷ್ಟು ಸಮಿತಿ, ಎಷ್ಟು ಠರಾವು, ಎಷ್ಟು ಬಸ್ ಪ್ರಯಾಣ! ಬಹುಪಾಲು ಬೇಸರದ ಕೆಲಸವೇ ಇದ್ದಿರಬೇಕು. ಸಭೆಯ ದಿನ ಗೊತ್ತಾಗಿದ್ದರೆ ಬೇಸರವಾದರೂ ಹೋಗಲೇಬೇಕಾಗುತ್ತದೆ.

ದಿನ ಗೊತ್ತಾಗಿರುವುದರ ಬಲ ನೋಡಬೇಕಾದರೆ ಸಾಣೇಹಳ್ಳಿಗೆ ಹೋಗಬೇಕು. ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ. ನಾಟಕಕ್ಕೆ ಬೇಕಾದ ಪೇಟೆಯಿಲ್ಲ, ಪತ್ರಿಕಾ ವಿಮರ್ಶಕರಿಲ್ಲ, ಟಿಕೆಟ್ಟು ಕೊಳ್ಳುವ ಮಧ್ಯಮವರ್ಗವಿಲ್ಲ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ಹೆಸರಿನ ಕಲಾಸಂಘವನ್ನು ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ ಕಟ್ಟಿದ್ದು 1987ರಲ್ಲಿ. ಹತ್ತು ವರ್ಷದ ನಂತರ, 1997ರಲ್ಲಿ, ಶಿವಸಂಚಾರ ಎಂಬ ತಿರುಗಾಟದ ತಂಡ ಹೊರಟಿತು. ಪದ್ಧತಿ ಸರಳ. ಪ್ರತಿವರ್ಷ ಕಲಾವಿದರು, ತಂತ್ರಜ್ಞರು ಸೇರುತ್ತಾರೆ. ಮೂರು ನಾಟಕ ಕಲಿಯುತ್ತಾರೆ. ನವೆಂಬರಿನ ಹೊತ್ತಿಗೆ ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ಆಡುತ್ತಾರೆ. ಆಮೇಲೆ ಸೆಟ್ಟು, ದೀಪ, ಪರದೆ ಎಲ್ಲವನ್ನೂ ಗಾಡಿಗೇರಿಸಿಕೊಂಡು ತಿಂಗಳುಗಟ್ಟಲೆ ಕರ್ನಾಟಕ ಸುತ್ತುತ್ತಾರೆ. 2008ರಿಂದ ಅಲ್ಲೊಂದು ರಂಗಶಾಲೆಯೂ ನಡೆಯುತ್ತಿದೆ.

ನಾಟಕದ ಮೇಲ್ಮೆ ಕೆಳ್ಮೆಯ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ನನಗೆ ಆಸಕ್ತಿ ಇರುವುದು ಆ ಗಾಡಿಯಲ್ಲಿ. ಇವತ್ತು ಒಂದು ಊರು, ನಾಳೆ ಇನ್ನೊಂದು ಊರು ಎಂದು ಪಟ್ಟಿ ಮೊದಲೇ ಅಚ್ಚಾಗಿರುತ್ತದೆ. ಅಲ್ಲಮನ ಪಾತ್ರದವನಿಗೆ ಅಂದು ಅಲ್ಲಮನಾಗುವ ಮನಸ್ಸಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆ ಊರಿನವರು ಚಾಪೆ ಹಾಸಿ ಕೂತಿರುತ್ತಾರೆ, ಮೈಕಿನವನು 'ಇನ್ನು ಕೆಲವೇ ನಿಮಿಷಗಳಲ್ಲಿ' ಎಂದು ಮೂರು ಸಲ ಹೇಳಿರುತ್ತಾನೆ. ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಇಲ್ಲದಿದ್ದ ಹುರುಪು ಮೊದಲ ದೃಶ್ಯ ಮುಗಿಯುವ ಹೊತ್ತಿಗೆ ಬಂದಿರುತ್ತದೆ. ರಂಗದ ಮೇಲೆ ದುಡಿದವರೆಲ್ಲ ಈ ಮಾತನ್ನು ಒಪ್ಪುತ್ತಾರೆ. ನಾವು ಮಾತ್ರ ಹುರುಪು ಮೊದಲು ಬರಲಿ, ಕೆಲಸ ಆಮೇಲೆ ನೋಡೋಣ ಎಂದು ಕಾಯುತ್ತೇವೆ. 'ಸಾರ್, ಓದೋಕೆ ಮೂಡೇ ಬರಲ್ಲ' ಎನ್ನುವ ಹುಡುಗನಿಗೆ ನಾನು ಹೇಳುವುದು ಇದನ್ನೇ: ಮೂಡು ಬರುವುದು ಎರಡನೆಯ ಪುಟದಲ್ಲಿ, ಮೊದಲ ಪುಟ ಹಾಗೇ ಓದಬೇಕು.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಗುರಿಯನ್ನು ಒಪ್ಪಿಸಿದ್ದು ಜೋಳಿಗೆಗೆ. ಯೋಗ, ವ್ಯಾಯಾಮ ಕಲಿಸುತ್ತ ಊರೂರು ತಿರುಗುತ್ತಿದ್ದವರು 1940ರ ದಶಕದ ಆರಂಭದಲ್ಲಿ ಈ ಹಳ್ಳಿಯಲ್ಲಿ ನೆಲೆ ನಿಂತು ಅನಾಥಸೇವಾಶ್ರಮ ಕಟ್ಟಿದರು. ಬರೆಯುವಾಗ ತಮಗೆ ಇಟ್ಟುಕೊಂಡ ಹೆಸರು 'ತಿರುಕ'. ಆತ್ಮಕಥೆಗೆ 'ಜೋಳಿಗೆಯ ಪವಾಡ' ಎಂದೇ ಹೆಸರು. ಆಸ್ಪತ್ರೆ, ಶಾಲೆ, ವ್ಯಾಯಾಮಶಾಲೆಗಳ ಕನಸು ದೊಡ್ಡದು. ದಿನದ ಕೆಲಸ ಮಾತ್ರ ಒಂದು ಮನೆಯ ಮುಂದೆ ನಿಂತು ಕೇಳುವುದು, ಆಮೇಲೆ ಪಕ್ಕದ ಮನೆ. ಬೇಡುವವನಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಯಾರೂ ಗಮನಿಸುವುದಿಲ್ಲ: ಕೊಟ್ಟ ಪ್ರತಿ ಮನೆಯೂ ಅವನ ಕೆಲಸದ ಪಾಲುದಾರ. ಮರುವರ್ಷ ಅದೇ ಬಾಗಿಲಿಗೆ ಹೋದಾಗ 'ಹೋದ ಸಲ ಕೊಟ್ಟಿದ್ದು ಏನಾಯ್ತು?' ಎಂದು ಆ ಮನೆಯ ಅಜ್ಜಿ ಕೇಳಿಯೇ ಕೇಳುತ್ತಾಳೆ. ನೂರು ದಾಟಿದ ವಯಸ್ಸಿನಲ್ಲಿ, 1996ರಲ್ಲಿ, ಸ್ವಾಮೀಜಿ ತೀರಿಕೊಂಡರು. ಅಷ್ಟು ಕಾಲ ಸೋಮಾರಿಯಾಗಲು ಆ ಅಜ್ಜಿಯರು ಅವರನ್ನು ಬಿಟ್ಟಿರಲಿಕ್ಕಿಲ್ಲ.

ಇಷ್ಟು ಹೇಳಿ, ಛಲದ ವಿರುದ್ಧವೂ ಒಂದು ಮಾತು ಹೇಳಬೇಕು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಛಲ ಬಿಡದೆ ಮನೆ ಮುರಿದುಕೊಂಡವರು ಇದ್ದಾರೆ. ಕೊಳವೆಬಾವಿಯ ಕಥೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟ ಒಣಗುತ್ತದೆ, ಒಂದು ಬೋರು ಕೊರೆಸುತ್ತಾರೆ, ನೀರು ಬರುವುದಿಲ್ಲ. ತೋಟದ ಇನ್ನೊಂದು ಮೂಲೆಯಲ್ಲಿ ಕೊರೆಸುತ್ತಾರೆ. ತೆಂಗಿನಕಾಯಿ ಹಿಡಿದು ನೀರು ನೋಡುವವನು 'ಇನ್ನೈವತ್ತು ಅಡಿ ಹೋಗಿ' ಎನ್ನುತ್ತಾನೆ. ಇಷ್ಟು ಹಾಕಿದ್ದೇವೆ, ಈಗ ಬಿಟ್ಟರೆ ಹಾಕಿದ್ದೆಲ್ಲ ಮಣ್ಣು ಎಂಬ ಯೋಚನೆ ಒಂದು ಸಲ ತಲೆಗೆ ಹೊಕ್ಕರೆ, ಆಮೇಲೆ ಕೊರೆಯುತ್ತಿರುವುದು ನೀರಿಗಾಗಿ ಅಲ್ಲ, ಹೋದ ದುಡ್ಡಿನ ಗೌರವಕ್ಕಾಗಿ. ಒಡವೆ ಹೋಗುತ್ತದೆ, ಹೊಲ ಹೋಗುತ್ತದೆ. ಪ್ರಯತ್ನ ಬಿಡಬೇಡಿ ಎಂಬ ಉಪದೇಶವನ್ನು ಅಂಥವರ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಮಾರಿಕಣಿವೆಗೂ ಕೊಳವೆಬಾವಿಗೂ ಏನು ವ್ಯತ್ಯಾಸ? ಕಟ್ಟೆ ಅರೆತುಂಬಿದಾಗಲೂ ಕೊಟ್ಟಿತು. ಬತ್ತಿದ ಬೋರು ಎಷ್ಟು ಆಳ ಹೋದರೂ ಏನೂ ಕೊಡಲಿಲ್ಲ. ನಾನು ಮಾಡುತ್ತಿರುವ ಪ್ರಯತ್ನ ಗುರಿ ಮುಟ್ಟುವ ಮೊದಲೇ ನನಗೆ, ನನ್ನ ಸುತ್ತಲಿನವರಿಗೆ ಏನಾದರೂ ಕೊಡುತ್ತಿದೆಯೇ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ಇತಿಹಾಸ, ಅರ್ಥಶಾಸ್ತ್ರ ತಿಳಿಯುತ್ತಿದೆಯೇ, ಪಕ್ಕದ ಮನೆಯ ಮಗುವಿಗೆ ಪಾಠ ಹೇಳುವಷ್ಟು ಬರುತ್ತಿದೆಯೇ? ಹೌದಾದರೆ ಇನ್ನೊಂದು ವರ್ಷ ಓದಲಿ. ಹಳೆಯ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಉರು ಹೊಡೆದು ಉರು ಹೊಡೆದು ಮುಖ ಬತ್ತಿದ್ದರೆ, ಯಂತ್ರವನ್ನು ಹೊಲದಿಂದ ಆಚೆ ಕಳಿಸುವುದು ಜಾಣತನ. ಅಧಿಸೂಚನೆ ಯಾವಾಗ ಬರುತ್ತದೆ, ಬಂದದ್ದು ಯಾವಾಗ ರದ್ದಾಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿಲ್ಲದ್ದಕ್ಕೆ ಇಡೀ ಹರೆಯವನ್ನು ಒತ್ತೆಯಿಡುವಾಗ ಅಪ್ಪ ಅಮ್ಮನ ಜೊತೆ ಕೂತು ಒಂದು ಗಡುವು ಮಾತಾಡಿಕೊಳ್ಳಿ. ಗಡುವು ಇಟ್ಟುಕೊಂಡವನು ಅರೆಮನಸ್ಸಿನವನು ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ.

ಅಭ್ಯಾಸದ ಬಗ್ಗೆ ಒಂದು ಸುಳ್ಳು ಬಹಳ ಓಡಾಡುತ್ತಿದೆ, ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ಅಭ್ಯಾಸ ಕೂತುಬಿಡುತ್ತದೆ ಎಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಊಟದ ಜೊತೆ ಒಂದು ಹಣ್ಣು ತಿನ್ನುವಂಥ, ನಿತ್ಯ ಸ್ವಲ್ಪ ಓಡುವಂಥ ಸಣ್ಣ ಅಭ್ಯಾಸಗಳು ತಾವಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು; ಕೆಲವರಿಗೆ 18, ಕೆಲವರಿಗೆ 254 ದಿನಗಳ ಅಂದಾಜು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಫಲಿತಾಂಶ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ನಮ್ಮಲ್ಲಿ ವ್ರತ ಕೆಟ್ಟಿತು ಎಂಬ ಭಾವನೆ ಬಲು ಜೋರು. ಮಾರಿಹಬ್ಬಕ್ಕೆ ಊರಿಗೆ ಹೋಗಿ ಮೂರು ದಿನ ಓದು ತಪ್ಪಿದ ಹುಡುಗ ನಾಲ್ಕನೆಯ ದಿನವೂ ಪುಸ್ತಕ ಮುಟ್ಟುವುದಿಲ್ಲ, ಮುಂದಿನ ಸೋಮವಾರದಿಂದ ಹೊಸದಾಗಿ ಶುರು ಮಾಡುತ್ತೇನೆ ಎನ್ನುತ್ತಾನೆ. ನಾಲ್ಕನೆಯ ದಿನ ಗುರುವಾರವಾಗಿದ್ದರೆ ಗುರುವಾರವೇ ಸಾಕು.

ಬಿಟ್ಟು ಮತ್ತೆ ಹಿಡಿಯುವ ಮಾತಿಗೆ ನಮ್ಮ ತ.ರಾ.ಸು. ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. ತಳುಕಿನ ಮನೆತನದ ಸುಬ್ಬರಾವ್ ಹುಟ್ಟಿದ್ದು 1920ರಲ್ಲಿ. 1942ರ ಚಳವಳಿಗೆ ಓದು ಬಿಟ್ಟರು, ಪತ್ರಿಕೆಗಳಲ್ಲಿ ದುಡಿದರು, ಅ.ನ.ಕೃ., ನಿರಂಜನ, ಕಟ್ಟೀಮನಿಯವರ ಜೊತೆ ಪ್ರಗತಿಶೀಲರಾದರು. ಬರೆದೇ ಬದುಕಬೇಕೆಂದು ಹೊರಟ ಸಂಸಾರಸ್ಥ. ಇಂಥವರು ತಲೆಯೊಳಗೆ ಇಟ್ಟುಕೊಂಡ ದೊಡ್ಡ ಕೆಲಸ, ದುರ್ಗದ ನಾಯಕರ ಕಥೆಯನ್ನು ಕಾದಂಬರಿಗಳಲ್ಲಿ ಕಟ್ಟುವುದು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರರಲ್ಲಿ ದಳವಾಯಿ ಮುದ್ದಣ್ಣನ ದಂಗೆಯ ಕಾಲ. ಆಮೇಲೆ 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ'. ಕೊನೆಯದು 'ದುರ್ಗಾಸ್ತಮಾನ', ಮದಕರಿನಾಯಕನ ಕಾಲ, 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವವರೆಗೆ. ಅದು ಪ್ರಕಟವಾದದ್ದು 1982ರಲ್ಲಿ.

ಮಾಲೆಯನ್ನು ಅವರು ಎಲ್ಲಿಂದ ಹಿಡಿದರು ನೋಡಿ. ಮೊದಲ ನಾಯಕನಿಂದ ಅಲ್ಲ, ವಂಶದ ಕಥೆಯ ನಡುಮಧ್ಯದಿಂದ, ಅರಮನೆಯೊಳಗೆ ಕತ್ತಿ ಹೊರಬಂದ ಘಳಿಗೆಯಿಂದ. ಎಲ್ಲಿ ಕೈ ಓಡುತ್ತದೋ ಅಲ್ಲಿಂದ. ಮೊದಲ ಅಧ್ಯಾಯದಿಂದಲೇ ಶುರು ಮಾಡಬೇಕು ಎಂದು ಕೂತವರು ಎಷ್ಟೋ ಜನ ಮೊದಲ ಅಧ್ಯಾಯದಲ್ಲೇ ಕೂತಿರುತ್ತಾರೆ. ಎರಡನೆಯದು, ಈ ಎಂಟರ ನಡುವೆ ಅವರು ದುರ್ಗದ ಮಾಲೆಯನ್ನು ಮತ್ತೆ ಮತ್ತೆ ಪಕ್ಕಕ್ಕಿಟ್ಟಿದ್ದಾರೆ. 'ಹಂಸಗೀತೆ' ಬಂತು, 'ಚಂದವಳ್ಳಿಯ ತೋಟ' ಬಂತು, 'ನಾಗರಹಾವು' ಬಂತು. ಈಗಿನ ಸಲಹೆಗಾರರು ನೋಡಿದ್ದರೆ ಗಮನ ಚೆದುರಿದೆ ಎಂದು ಬೈಯುತ್ತಿದ್ದರು. ಆದರೆ ಆ ಬೇರೆ ಪುಸ್ತಕಗಳೇ ಮನೆಗೆ ಅಕ್ಕಿ ತಂದಿರಬೇಕು, ಕೈಗೆ ಪಳಗಿಕೆ ತಂದಿರಬೇಕು. ಅವುಗಳಲ್ಲೂ ಊರು ಬಹುಮಟ್ಟಿಗೆ ಇದೇ ಊರು. ಪಕ್ಕಕ್ಕೆ ಸರಿದರೂ ಕೋಟೆ ಕಣ್ಣಿಗೆ ಬೀಳುವಷ್ಟು ದೂರದಲ್ಲೇ ಇದ್ದರು.

'ದುರ್ಗಾಸ್ತಮಾನ'ದ ಮುಂದೆ ಇದ್ದ ಕಷ್ಟ ಬೇರೆ ಬಗೆಯದು. ಕೊನೆ ಎಲ್ಲರಿಗೂ ಗೊತ್ತಿರುವ ಕಥೆ. ಕೋಟೆ ಬೀಳುತ್ತದೆ, ಬರೆಯುವವನಿಗೂ ಗೊತ್ತು, ಓದುವವನಿಗೂ ಗೊತ್ತು. ಅಷ್ಟು ದಪ್ಪ ಪುಸ್ತಕವನ್ನು ಅಷ್ಟು ದುಃಖದ ಕಡೆಗೆ ಪುಟಪುಟವಾಗಿ ನಡೆಸಿಕೊಂಡು ಹೋಗಲು ಗೆಲ್ಲುವ ಹುಮ್ಮಸ್ಸು ಸಹಾಯಕ್ಕೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಋಣ ಎಂದು ನನ್ನ ಊಹೆ. ಈ ಊರಿನ ಕಲ್ಲು, ಬತೇರಿ, ಹೊಂಡಗಳ ನಡುವೆ ಬೆಳೆದವರು ಅದಕ್ಕೆ ತೀರಿಸಬೇಕಾದ ಬಾಕಿ. ಬಾಕಿ ಇರುವವನು ಉತ್ಸಾಹಕ್ಕಾಗಿ ಕಾಯುವುದಿಲ್ಲ.

1984ರ ಏಪ್ರಿಲಿನಲ್ಲಿ ತ.ರಾ.ಸು. ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 'ದುರ್ಗಾಸ್ತಮಾನ'ಕ್ಕೆ ಬಂದದ್ದು ಮರುವರ್ಷ. ಅವರು ತೀರಿಕೊಂಡಾಗ ಮೇಜಿನ ಮೇಲೆ 'ಮಸಣದ ಹೂವು' ಕಾದಂಬರಿ ಅರ್ಧ ಬರೆದು ಉಳಿದಿತ್ತು. ಅದನ್ನು ಮುಗಿಸಿದವರು ಪತ್ನಿ ಅಂಬುಜಾ ಅವರು. ಆ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟ ಪುಟ್ಟಣ್ಣ ಕಣಗಾಲ್, ಅವರೂ ಕೆಲಸ ಮುಗಿಯುವ ಮೊದಲೇ 1985ರಲ್ಲಿ ತೀರಿಕೊಂಡರು. ಚಿತ್ರವನ್ನು ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ. ಒಂದೇ ಕೃತಿ ಎರಡು ಸಲ ನಡುದಾರಿಯಲ್ಲಿ ನಿಂತು ಎರಡು ಸಲವೂ ಬೇರೆ ಕೈಗಳಿಂದ ಮುಗಿದದ್ದು ಕನ್ನಡದಲ್ಲಿ ಇನ್ನೊಂದಿದೆಯೋ ಏನೋ. ಅಂಬುಜಾ ಅವರು ಆ ಪುಟಗಳನ್ನು ಮುಂದುವರಿಸಬಲ್ಲವರಾಗಿದ್ದರು ಎಂದರೆ ಕಥೆ ಬರೆಯುವವನೊಬ್ಬನ ಗುಟ್ಟಾಗಿ ಉಳಿದಿರಲಿಲ್ಲ ಎಂದರ್ಥ. ಮನೆಯವರಿಗೂ ಗೊತ್ತಿತ್ತು, ಯಾವ ಪಾತ್ರ ಎಲ್ಲಿಗೆ ಹೊರಟಿದೆ ಎಂದು. ನಮ್ಮಲ್ಲಿ ಎಷ್ಟು ಜನರ ಗುರಿ ಮನೆಯ ಇನ್ನೊಬ್ಬರಿಗೆ ಅಷ್ಟು ವಿವರವಾಗಿ ಗೊತ್ತಿದೆ? ಸ್ಟೇಟಸ್ಸಿನಲ್ಲಿ ಹಾಕಿಕೊಂಡಿರುತ್ತೇವೆ, ಅದು ಬೇರೆ. ಸ್ಟೇಟಸ್ ನೋಡಿದವರು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತಾರೆ. 'ನಿನ್ನೆ ಎಲ್ಲಿಗೆ ನಿಂತಿತ್ತು?' ಎಂದು ಕೇಳುವವರು ಬೇಕು.

ಈ ಉಪನ್ಯಾಸಕ್ಕೆ ಒಪ್ಪುವಾಗ ನಾನು ಪ್ರಾಂಶುಪಾಲರಲ್ಲಿ ಒಂದು ಕೋರಿಕೆ ಇಟ್ಟಿದ್ದೆ, ಅವರು ಒಪ್ಪಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಹತ್ತಕ್ಕೆ ಈ ಸಭಾಂಗಣದ ಬೀಗ ತೆಗೆದಿರುತ್ತದೆ. ಭಾಷಣ ಇರುವುದಿಲ್ಲ, ಅತಿಥಿಗಳು ಇರುವುದಿಲ್ಲ, ನಾನೂ ಇರುವುದಿಲ್ಲ. ನೀವು ಓದುತ್ತಿರುವುದು ಪರೀಕ್ಷೆಗಾಗಲಿ, ಬರೆಯುತ್ತಿರುವುದು ಕಾದಂಬರಿಯಾಗಲಿ, ಕಟ್ಟುತ್ತಿರುವುದು ಮೇಕೆ ಸಾಕಣೆಯ ಕೊಟ್ಟಿಗೆಯಾಗಲಿ, ಆ ತಿಂಗಳ ನೋಟ್‌ಬುಕ್ಕು ತಂದು ಪಕ್ಕದವರ ಕೈಗೆ ಕೊಡಬೇಕು, ಪಕ್ಕದವರದನ್ನು ನೀವು ತೆಗೆದುಕೊಂಡು ಓದಬೇಕು. ಒಂದು ಗಂಟೆ ಸಾಕು. ಖಾಲಿ ನೋಟ್‌ಬುಕ್ಕು ತಂದವರನ್ನು ಯಾರೂ ಬೈಯುವ ಹಾಗಿಲ್ಲ, ಆದರೆ ಬರದೆ ಇರುವ ಹಾಗೂ ಇಲ್ಲ. ಹೆಸರು ಬರೆದುಕೊಳ್ಳುವ ಹಾಳೆ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹಿಂದಿನ ಬೆಂಚಿನವರಿಗೇ ಅದು ಹತ್ತಿರ. ಹೊಸದುರ್ಗದ ಕಡೆ ಹೋಗುವವರ ಬಸ್ಸಿಗೆ ಹೊತ್ತಾಗುತ್ತಿದೆಯಂತೆ, ಅವರು ಮೊದಲು ಬರೆಯಲಿ.